ಹೊಡೆದುಹಾಕಿದ ಎರಡು ಉತ್ತರಗಳು

"ಮೂರನೇ ಸಾಲಂಗೆ ಮೈನಸ್ ಬಿಟ್ಟ್ ಹೋಯ್ತ್."

ನವ್ಯಶ್ರೀ ತಲೆಯೆತ್ತಿದಳು. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಬೆಳಗಿನ ಎಂಟು ಗಂಟೆ. ಮುಂದೆ ಬುಟ್ಟಿ ತುಂಬ ಬಂಗುಡೆ, ಮೊಣಕಾಲ ಮೇಲೆ ತೆರೆದ ನೋಟ್‌ಬುಕ್ಕು. ಎದುರಿಗೆ ನಿಂತವನು ಮೀನಿನ ಕಡೆ ನೋಡುತ್ತಲೇ ಇಲ್ಲ! ಕತ್ತು ಓರೆ ಮಾಡಿಕೊಂಡು ಅವಳ ಲೆಕ್ಕ ನೋಡುತ್ತಿದ್ದಾನೆ.

"ಹ್ವಾಯ್, ನೀವ್ ಮೀನ್ ತಕಂಬುಕೆ ಬಂದದ್ದಾ, ಪೇಪರ್ ತಿದ್ದುಕೆ ಬಂದದ್ದಾ?"

ಪಕ್ಕದ ಬುಟ್ಟಿಯಲ್ಲಿ ಮೀನು ಮಾರುವ ಬಾಗಿ ಎಂಬವಳು ಗಟ್ಟಿಯಾಗಿ ನಕ್ಕಳು. ಅವನ ಕಿವಿ ಕೆಂಪಾಯಿತು.

"ಮೀನ್... ಮೀನಿಗೇ ಬಂದದ್ದ್."

"ಎಂತ ಮೀನ್?"

"ಅದೇ... ಇದ್."

"ಇದ್ಕೆ ಬಂಗುಡೆ ಅಂಬ್ರ್, ಮಾರಾಯ್ರೆ!"

ಆರು ಬಂಗುಡೆ ಹಾಕಿಸಿಕೊಂಡು ಅವನು ಹತ್ತು ಹೆಜ್ಜೆ ಹೋದ. ನಿಂತ. ತಿರುಗಿ ಬಂದ.

"ಕೋಪ ಮಾಡ್ಕಣ್ಬೇಡಿ. ಆ ಮೈನಸ್ ಒಂದ್ ಬಿಟ್ರೆ ಬಾಕಿ ಎಲ್ಲ ಚಂದ ಇತ್ತ್."

ಅವನು ಮರೆಯಾದ ಮೇಲೆ ನವ್ಯಶ್ರೀ ಮೂರನೇ ಸಾಲು ನೋಡಿದಳು. ಹೌದು, ಮೈನಸ್ ಇರಲಿಲ್ಲ. ಎಷ್ಟು ಸಿಟ್ಟು ಬಂತೆಂದರೆ... ಅವನು ಹೇಳಿದ್ದು ಸರಿಯಾಗಿತ್ತಲ್ಲ, ಅದಕ್ಕೇ!

ತ್ರಾಸಿಯ ಈ ಹುಡುಗಿ ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ತಾಯಿ ಜಲಜ ಬಸ್ಸಿನಿಂದ ಇಳಿಯುವಾಗ ಬಿದ್ದು ಸೊಂಟ ಮುರಿದುಕೊಂಡಿದ್ದಳು. ತಾಯಿಯ ಬುಟ್ಟಿ ಮಗಳ ತಲೆಗೆ ಬಂತು. ಮೀನು ಮಾರುತ್ತಲೇ ಒಂದೊಂದು ವಿಷಯ ಬರೆದು ಮುಗಿಸಿದಳು. ಉಳಿದದ್ದು ಒಂದೇ, ರೇಖೀಯ ಬೀಜಗಣಿತ. ಎರಡು ಸಲ ಬರೆದಳು, ಎರಡು ಸಲವೂ ಫೇಲು. ವಿಶ್ವವಿದ್ಯಾಲಯ ಕೊಟ್ಟ ವರ್ಷಗಳು ಮುಗಿಯುತ್ತ ಬಂದಿದ್ದವು. ಈ ಸಲದ್ದೇ ಕೊನೆ. ಇದೂ ಹೋದರೆ ಡಿಗ್ರಿಯೇ ಇಲ್ಲ. ಬಿ.ಎಡ್. ಮಾಡಿ ಕಪ್ಪು ಹಲಗೆಯ ಮುಂದೆ ನಿಲ್ಲಬೇಕೆಂಬ ಆಸೆಯೂ ಅಲ್ಲಿಗೆ ಮುಗಿಯಿತು.

ಮಾರ್ಕೆಟ್ಟಿನಲ್ಲಿ ಇದು ಎಲ್ಲರಿಗೂ ಗೊತ್ತು. ಅವಳು ಲೆಕ್ಕದ ನಡುವೆ ಇದ್ದಾಗ ಗಿರಾಕಿ ಬಂದರೆ ಬಾಗಿಯೇ ತಡೆಯುತ್ತಿದ್ದಳು. "ಒಂಚೂರ್ ನಿಲ್ಲಿನಿ, ಹೆಣ್ ಲೆಕ್ಕ ಮಾಡ್ತಿತ್ತ್."

ಮರುದಿನ ಅವನು ಮತ್ತೆ ಬಂದ. ಅದರ ಮರುದಿನವೂ. ಹೆಸರು ಶೈಲೇಶ್. ಬ್ರಹ್ಮಾವರದ ಒಂದು ಕಾಲೇಜಿನಲ್ಲಿ ಗಣಿತ ಕಲಿಸುವವನು, ಕುಂದಾಪುರದಲ್ಲಿ ಬಾಡಿಗೆ ಕೋಣೆ. ಬಾಗಿ ಅವನಿಗೆ 'ಮಾಷ್ಟ್ರು' ಎಂದು ಹೆಸರಿಟ್ಟಳು. ಮೂರನೇ ವಾರ ಅವನು ಕೇಳಿದ.

"ಆಯಿತಾರ ಪುರ್ಸೊತ್ತಿತ್ತ್ ನಂಗೆ. ನಿಮ್ಮ ಅಮ್ಮ ಒಪ್ಪಿರೆ... ಮನಿಗೇ ಬಂದ್ ಹೇಳಿಕೊಡ್ತೆ."

"ಫೀಸ್ ಎಷ್ಟ್?"

"ಒಂದ್ ಲೋಟ ಚಾ."

ಹೀಗೆ ತ್ರಾಸಿಯ ಜಗಲಿಯಲ್ಲಿ ಭಾನುವಾರದ ಪಾಠ ಶುರುವಾಯಿತು. ಒಳಬಾಗಿಲ ಬಳಿ ಜಲಜಳ ಕುರ್ಚಿ. ಕಾವಲೂ ಆಯಿತು, ಕುತೂಹಲವೂ ಆಯಿತು.

"ಎಷಲಾನ್ ಫಾರ್ಮ್ ಅಂದ್ರೆ ಎಂತ? ಹೇಳಿ ಕಾಂಬ."

ನವ್ಯಶ್ರೀ ಒಂದೇ ಉಸಿರಿಗೆ ಒಪ್ಪಿಸಿದಳು. ಮ್ಯಾಟ್ರಿಕ್ಸಿನ ಪ್ರತಿ ಸಾಲಿನ ಸೊನ್ನೆಯಲ್ಲದ ಮೊದಲ ಸಂಖ್ಯೆ ಮೇಲಿನ ಸಾಲಿನದಕ್ಕಿಂತ ಬಲಕ್ಕೆ ಇರಬೇಕು, ಪೂರ್ತಿ ಸೊನ್ನೆಯ ಸಾಲು ಎಲ್ಲಕ್ಕಿಂತ ಕೆಳಗೆ ಇರಬೇಕು...

"ಸಮ ಇತ್ತ್. ಎಂತಕ್ಕೆ ಹಾಂಗೆ?"

"ಅದ್... ಗೊತ್ತಿಲ್ಲೆ. ಬಾಯಿಪಾಠ ಮಾಡಿದ್ದ್."

ಅವನು ನಗಲಿಲ್ಲ. ಅದನ್ನು ಅವಳು ಗಮನಿಸಿದಳು. ನೋಟ್‌ಬುಕ್ಕಿನಲ್ಲಿ ಮೆಟ್ಟಿಲಿನಂತೆ ಒಂದು ಗೆರೆ ಎಳೆದ.

"ಒಂದೊಂದ್ ಸಾಲೂ ಒಂದೊಂದ್ ಸಮೀಕರಣ. ಮೇಲಿನ ಸಾಲಂಗೆ ಗೊತ್ತಿಲ್ಲದ್ದ್ ಮೂರ್ ಇತ್ತ್. ಒಂದ್ ಮೆಟ್ಲ್ ಇಳಿರಿ, ಎರಡೇ. ಇನ್ನೊಂದ್ ಇಳಿರಿ, ಒಂದೇ. ಅದ್ ಸಿಕ್ಕಿರೆ ಹಾಂಗೇ ಮೇಲೆ ಹತ್ತುದ್. ಹೆದ್ರಿಕೆ ಕಮ್ಮಿ ಮಾಡುಕೆ ಈ ಮೆಟ್ಲ್, ಮತ್ತೆಂತ ಅಲ್ಲ."

"ಪೂರ್ತಿ ಸೊನ್ನೆ ಆದ ಸಾಲ್?"

"ಅದ್ರತ್ರ ಹೊಸ್ತ್ ಎಂತದೂ ಇರ್ಲಿಲ್ಲೆ. ಬಾಕಿ ಸಾಲ್ ಹೇಳಿದ್ದನ್ನೇ ಅದೂ ಹೇಳ್ತಿತ್ತ್."

ಬಾಗಿಲ ಬಳಿಯಿಂದ ಜಲಜ ದನಿಗೂಡಿಸಿದಳು. "ಹಾಂಗಾರೆ ನಮ್ಮ್ ಕೇರಿಯಂಗೆ ಸುಮಾರ್ ಜನ ಸೊನ್ನೆ ಸಾಲ್ ಇದ್ರ್ ಮಾಷ್ಟ್ರೆ!"

ಮೂವರೂ ನಕ್ಕರು. ನವ್ಯಶ್ರೀ ಆ ಮೆಟ್ಟಿಲಿನ ಗೆರೆಯನ್ನೇ ಮತ್ತೆ ನೋಡಿದಳು. ಇಷ್ಟು ವರ್ಷ ಹೆದರಿಸಿದ ಲೆಕ್ಕ ಇದೇನಾ!

ಪಾಠ ಮುಗಿದ ಮೇಲೆ ಒಂದು ಲೆಕ್ಕವನ್ನು ಇಬ್ಬರೂ ಬೇರೆ ಬೇರೆ ಮಾಡಿ, ಕೊನೆಗೆ ಹೋಲಿಸುತ್ತಿದ್ದರು. ಅವಳು ತನ್ನ ಪುಟವನ್ನು ಅವನ ಪುಟದ ಪಕ್ಕ ಇಡುವಳು. ಎಲ್ಲ ಸಾಲೂ ಒಂದೇ! "ಒಂದೇ ಬಂತ್!" ಎಂದು ಮಗುವಿನಂತೆ ಕೂಗುವಳು. ಪ್ರತಿ ಭಾನುವಾರವೂ ಹೀಗೆ. ಶೈಲೇಶ್ ಯಾವಾಗಲೂ ಅವಳಿಗಿಂತ ಸ್ವಲ್ಪ ತಡವಾಗಿ ಶುರುಮಾಡುತ್ತಿದ್ದ. 'ನಿಧಾನದ ಮನುಷ್ಯ' ಎಂದುಕೊಂಡಿದ್ದಳು ಅವಳು.

ಅಷ್ಟರಲ್ಲಿ ಭಾನುವಾರ ಬಂತೆಂದರೆ ಎರಡು ಸಲ ಸೋಪು ಹಾಕಿ ಕೈ ತೊಳೆಯುವ ಅಭ್ಯಾಸವೂ ಬಂದಿತ್ತು...

ಪರೀಕ್ಷೆಯ ದಿನ.

ಪ್ರಶ್ನೆಪತ್ರಿಕೆ ನೋಡಿ ನವ್ಯಶ್ರೀಗೆ ನಗು ಬಂತು. ಹತ್ತು ಅಂಕದ ಪ್ರಶ್ನೆ, ಎಷ್ಟು ಸುಲಭ! ಎರಡು, ಮೂರು, ಒಂದು. ಒಂದು, ಎರಡು, ಒಂದು. ಮೂರು, ಐದು, ಎರಡು. ಇದನ್ನು ಎಷಲಾನ್ ರೂಪಕ್ಕೆ ತನ್ನಿ. ಐದು ನಿಮಿಷದಲ್ಲಿ ಮುಗಿಸಿದಳು. ಮೇಲೆ ಎರಡು, ಮೂರು, ಒಂದು. ಅದರ ಕೆಳಗೆ ಸೊನ್ನೆ, ಒಂದು, ಒಂದು. ಕೊನೆಗೆ ಬರೀ ಸೊನ್ನೆ.

ಸಮಯ ಉಳಿದಿತ್ತು. ಇನ್ನೊಮ್ಮೆ ನೋಡೋಣವೆಂದು ಮೊದಲೆರಡು ಸಾಲು ಅದಲುಬದಲು ಮಾಡಿ ಶುರುಮಾಡಿದಳು. ಈ ಸಲ ಮೇಲೆ ಒಂದು, ಎರಡು, ಒಂದು. ಕೆಳಗೆ ಸೊನ್ನೆ, ಮೈನಸ್ ಒಂದು, ಮೈನಸ್ ಒಂದು.

ಬೇರೆ ಬಂತು!

ಮತ್ತೆ ಮಾಡಿದಳು, ಮತ್ತೆ ಬೇರೆಯೇ. ಒಂದು ಲೆಕ್ಕಕ್ಕೆ ಎರಡು ಉತ್ತರ ಹೇಗೆ? ಜಗಲಿಯಲ್ಲಿ ಒಂದು ದಿನವೂ ಹೀಗಾಗಿಲ್ಲ... ಎರಡೂ ತಪ್ಪೇ ಇರಬೇಕು. ಗಂಟೆ ಹೊಡೆಯಿತು. ಏನೂ ತೋಚದೆ ಎರಡರ ಮೇಲೂ ಗೆರೆ ಎಳೆದು ಎದ್ದುಬಿಟ್ಟಳು.

ಗೇಟಿನ ಹೊರಗೆ ಶೈಲೇಶ್ ಎಳನೀರು ಹಿಡಿದು ನಿಂತಿದ್ದ. ಅವಳು ಪ್ರಶ್ನೆಪತ್ರಿಕೆಯ ಹಿಂಬದಿಗೆ ಎರಡನ್ನೂ ಬರೆದು ತೋರಿಸಿದಳು. ಅವನ ಮುಖ ಅರಳಿತು.

"ಎರಡೂ ಸರಿಯೇ! ಎಷಲಾನ್ ಫಾರ್ಮ್ ಒಂದೇ ಬರ್ಕ್ ಅಂತ ಇಲ್ಲೆ. ದಾರಿ ಬೇರೆ ಆರೆ ರೂಪವೂ ಬೇರೆ ಆತ್ತ್."

"ನಾನ್... ಎರಡೂ ಹೊಡೆದ್ ಹಾಕಿದೆ."

ಅವನ ಕೈಯ ಎಳನೀರು ಹಾಗೇ ನಿಂತಿತು.

"ಮತ್ತೆ ನಮ್ ಇಬ್ರದ್ದ್ ಯಾವಾಗ್ಲೂ ಒಂದೇ ಬತ್ತಿತ್ತಲ್ಲ, ಮಾಷ್ಟ್ರೆ? ಒಂದ್ ದಿನವೂ ಬೇರೆ ಬರ್ಲಿಲ್ಲೆ ಅಲ್ದಾ?"

ಅವನು ನೆಲ ನೋಡಿದ.

"ನೀವ್ ಯಾವ ಸಾಲ್ ಹಿಡಿದ್ರಿ ಅಂತ ಕಂಡ್ಕಂಡ್... ನಾನೂ ಅದೇ ದಾರಿ ಹಿಡಿತಿದ್ದೆ."

"ಎಂತಕ್ಕೆ?"

"ಒಂದೇ ಬಂತ್ ಅಂದ್ಕೂಡ್ಲೇ ನಿಮ್ಮ ಮುಖ..."

ಅವಳ ಕಣ್ಣು ತುಂಬಿತು. "ಮೀನ್ ಮಾರೋಳ್ ಅಂತ ಪಾಪ ಕಂಡ್ತಾ? ಮಕ್ಳೊಟ್ಟಿಗೆ ಓಡುವಾಗ ದೊಡ್ಡೋರ್ ಬೇಕಂತ್ಲೇ ಸೋತ್ರಲೆ, ಹಾಂಗೆ? ನಾನ್ ನಿಜವಾಗ್ಲೂ ಕಲ್ತೆ ಅಂತ ಮಾಡಿದ್ದೆ..."

"ಹಾಂಗಲ್ಲ, ನವ್ಯ..."

ಬಸ್ಸು ಬಂತು. ಅವಳು ಹತ್ತಿದಳು. ತಿರುಗಿ ನೋಡಲಿಲ್ಲ.

ಅಂದು ಸಂಜೆ ಮೊಬೈಲಿಗೆ ಒಂದೇ ಸಂದೇಶ ಬಂತು. 'ತಪ್ಪು ನನ್ನದು. ನಿಮ್ಮದು ಎರಡೂ ಸರಿ.' ಆಮೇಲೆ ಅವನು ಮಾರ್ಕೆಟ್ಟಿಗೂ ಬರಲಿಲ್ಲ, ತ್ರಾಸಿಗೂ ಬರಲಿಲ್ಲ. ಬರಬೇಡಿ ಎಂದವರಿಲ್ಲ. ಬನ್ನಿ ಎಂದು ಅವಳೂ ಹೇಳಲಿಲ್ಲ.

ಎರಡು ವಾರ ಕಳೆದ ಮೇಲೆ ಬಾಗಿಗೆ ತಡೆಯಲಾಗಲಿಲ್ಲ.

"ಹೆಣೆ, ನಿನ್ನ ಮಾಷ್ಟ್ರ್ ಕಾಣುದೇ ಇಲ್ಯಲೆ? ನಂಗೆ ಸೋಮ್ವಾರದ ಮೀನಿಗೆ ಕಲ್ಲ್ ಬಿತ್ತ್!"

"ಎಂತ ಸೋಮ್ವಾರದ ಮೀನ್?"

"ಅವ್ರ್ ಸೋಮ್ವಾರ ಮೀನ್ ಮುಟ್ಟುದಿಲ್ಲೆ ಮಾರಾಯ್ತಿ! ನಿನ್ನತ್ರ ತಕಂಡ್, ನಾನ್ ಚಾಕ್ಕೆ ಹೋಪಾಗ ಆಚಿ ಬಾಗ್ಲಂಗೆ ನಂಗೆ ಕೊಟ್ಟ್ ಹೋತಿದ್ರ್. ಹೇಳ್ಬೇಡ ಅಂದಿದ್ರ್."

ನವ್ಯಶ್ರೀ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟಳು. ಎಂಥ ಪೆದ್ದ ಮನುಷ್ಯ ಇವನು...

ಅಂದು ಮಧ್ಯಾಹ್ನ ಜಗಲಿಯಲ್ಲಿ ಕುಳಿತು, ಹೊಡೆದುಹಾಕಿದ ಆ ಎರಡು ಉತ್ತರಗಳನ್ನೂ ಮತ್ತೆ ಬರೆದಳು. ಈ ಸಲ ಅಲ್ಲಿಗೇ ನಿಲ್ಲಿಸಲಿಲ್ಲ. ಪ್ರತಿ ಸಾಲಿನ ಸೊನ್ನೆಯಲ್ಲದ ಮೊದಲ ಸಂಖ್ಯೆಯನ್ನು ಒಂದು ಮಾಡಿದಳು, ಅದರ ಮೇಲಿದ್ದದ್ದನ್ನು ಸೊನ್ನೆ ಮಾಡಿದಳು. ಮೊದಲನೆಯದು ಒಂದು, ಸೊನ್ನೆ, ಮೈನಸ್ ಒಂದು. ಸೊನ್ನೆ, ಒಂದು, ಒಂದು ಎಂದಾಯಿತು. ಎರಡನೆಯದು? ಅದೂ ಅದೇ! ಒಂದು ಅಂಕಿಯೂ ಆಚೀಚೆ ಇಲ್ಲ. ಅರ್ಧದಲ್ಲಿ ಬೇರೆಯಾಗಿ ಕಂಡದ್ದು ಕೊನೆತನಕ ಹೋದರೆ ಒಂದೇ ಆಗುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ, ಅವಳೇ ಕಂಡುಕೊಂಡಳು.

ಪೆನ್ನು ಕಚ್ಚಿಕೊಂಡು ಬಹಳ ಹೊತ್ತು ಕುಳಿತಳು. ಮೊದಲ ಭಾನುವಾರವೇ ಅವನ ಪುಟದಲ್ಲಿ ಬೇರೆ ಉತ್ತರ ಕಂಡಿದ್ದರೆ ತಾನೇನು ಮಾಡುತ್ತಿದ್ದೆ? ಪುಸ್ತಕ ಮುಚ್ಚಿ, 'ನನ್ನ ಕೈಲಿ ಆತಿಲ್ಲೆ' ಎಂದು ಎದ್ದು ಹೋಗುತ್ತಿದ್ದೆ. ಹಿಂದೆ ಎರಡು ಸಲವೂ ಹಾಗೇ ಅಲ್ಲವೇ ಆದದ್ದು? ಆ ಹೆದರಿಕೆಯನ್ನು ಅವನು ಗುರುತಿಸಿದ್ದ. ತಪ್ಪು ರೀತಿಯಲ್ಲಿ ಕಾಯ್ದ, ಆದರೆ ಕಾಯ್ದದ್ದು ನಿಜ.

"ಅಮ್ಮ, ಅವ್ರಿಗೆ ನನ್ನ್ ಕಂಡ್ರೆ ಪಾಪ ಅನ್ಸಿದ್ದಾ?"

ಜಲಜ ಸೊಂಟಕ್ಕೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದವಳು ಮಗಳ ಕಡೆ ನೋಡಿದಳು. "ಪಾಪ ಅನ್ಸಿರೆ ಜನ ಒಂದ್ ವಾರ ಬತ್ರ್. ಐದ್ ತಿಂಗಳ್ ನನ್ನ ಕೈ ಚಾ ಕುಡ್ದ್ರಲೆ ಹೆಣೆ. ಅದೂ ಸಕ್ರಿ ಇಲ್ಲದ್ದ್!"

ಫಲಿತಾಂಶ ಬಂದದ್ದು ಒಂದು ಶುಕ್ರವಾರ. ಪಾಸಾಗಲು ಬೇಕಾದದ್ದು ಇಪ್ಪತ್ತೆಂಟು. ಅವಳಿಗೆ ಮೂವತ್ತೊಂದು! ಆ ಹತ್ತು ಅಂಕ ಇಲ್ಲದೆಯೂ ಉಳಿದ ಲೆಕ್ಕಗಳೇ ದಡ ಹತ್ತಿಸಿದ್ದವು. ಜಲಜ ಅತ್ತಳು. ಬಾಗಿ ಮಾರ್ಕೆಟ್ಟಿಗೆಲ್ಲ ಕೂಗಿ ಹೇಳಿದಳು. ಎಲ್ಲರಿಗೂ ಹೇಳಿಯಾದ ಮೇಲೂ ನವ್ಯಶ್ರೀಗೆ ಯಾರಿಗೂ ಹೇಳಿಯೇ ಇಲ್ಲವೇನೋ ಅನ್ನಿಸುತ್ತಿತ್ತು.

ನಾಲ್ಕು ಗಂಟೆಗೆ ಬ್ರಹ್ಮಾವರದಲ್ಲಿ ಬಸ್ಸಿಳಿದಳು.

ಕಾಲೇಜು ಬಿಟ್ಟಿತ್ತು. ಮೈದಾನದ ಅಂಚಿನ ಕಟ್ಟೆಯಲ್ಲಿ ಶೈಲೇಶ್ ಒಬ್ಬನೇ ಪೇಪರು ತಿದ್ದುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. ಪೇಪರೆಲ್ಲ ಕೆಳಗೆ ಬಿತ್ತು.

"ಪಾಸ್ ಆಯ್ತ್," ಎಂದಳು.

ಅವನು ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಅದನ್ನು ನೋಡಿ ಅವಳ ಸಿಟ್ಟಿನ ಕೊನೆಯ ಚೂರೂ ಕರಗಿತು.

"ನಿಮ್ಮ ಐದ್ ತಿಂಗಳ ನಂಬಿಕೆಯನ್ನ ನಾನ್..."

"ಬಿಡಿ. ಈಗ ಒಂದ್ ಮಾತ್ ಕೇಣ್ತೆ. ಆದ್ರೆ ನೀವ್ ನನ್ನ ಮುಖ ಕಂಡ್ಕಂಡ್ ಉತ್ತರ ಹೇಳುಕಾಗ. ಆಚಿ ತಿರ್ಗಿ."

ಅವನು ವಿಧೇಯನಾಗಿ ಮೈದಾನದ ಕಡೆ ತಿರುಗಿದ.

"ಸೋಮ್ವಾರ ಮೀನ್ ತಿನ್ನದವ್ರ್ ಸೋಮ್ವಾರ ಮೀನ್ ತಕಂಡದ್ದ್ ಎಂತಕ್ಕೆ?"

ಮೈದಾನಕ್ಕೆ ಹೇಳುವಂತೆ ಅವನು ಹೇಳಿದ. "ಭಾನುವಾರ ಕಂಡದ್ದ್ ಸಾಕಾತಿರ್ಲಿಲ್ಲೆ. ನಂಗೆ ನೀವ್ ಬೇಕ್, ನವ್ಯ. ಪಾಪ ಅಂತ ಅಲ್ಲ. ಮೊದ್ಲ ದಿನ ನೀವ್ ಬೈದ್ರಲೆ, ಅವತ್ತಿಂದ್ಲೂ."

ಅವಳು ದನಿ ಗಟ್ಟಿ ಮಾಡಿಕೊಂಡು ಮದುವೆಯ ಮಾತೆತ್ತಿದಳು. "ಮದಿ ಯಾವಾಗ ಅಂತ ಮಾಡಿದ್ರಿ?"

"ಈ ಬೇಸಿಗೆಯಂಗೇ..." ಎಂದು ಅವನು ಮೆಲ್ಲಗೆ ಕತ್ತು ತಿರುಗಿಸಿದ.

"ತಿರ್ಗುಕಾಗ! ನಂಗೆ ಬೇರೆ ಬಂತ್. ಬಿ.ಎಡ್. ಮುಗೀಲಿ. ಎರಡ್ ವರ್ಷ."

"ಹಾಂಗಾರೆ ಎರಡ್ ವರ್ಷವೇ ಆಯ್ಲಿ..."

"ಕಾಣಿ, ಕಾಣಿ! ಮತ್ತೆ ನನ್ನ ದಾರಿಗೇ ಬಂದ್ರಿ!"

ಶೈಲೇಶ್ ಪೂರ್ತಿ ತಿರುಗಿದ. ಮೊದಲ ಬಾರಿಗೆ ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. "ಇಲ್ಲ. ನಂಗೆ ಎರಡ್ ವರ್ಷ ಆತಿಲ್ಲೆ. ಬಾಳ ದೂರ ಆತ್ತ್. ಮದಿ ಆಯ್ಕಂಡ್ ಬಿ.ಎಡ್. ಮಾಡುಕಾಗ ಅಂತ ಯಾರ್ ಹೇಳಿರ್?"

ನವ್ಯಶ್ರೀ ನಕ್ಕಳು. ಕೆಳಗೆ ಬಿದ್ದ ಪೇಪರುಗಳನ್ನು ಒಂದೊಂದಾಗಿ ಆಯ್ದು ಅವನ ಕೈಗಿಟ್ಟು, ಕಟ್ಟೆಯ ಮೇಲೆ ಕುಳಿತು ತನ್ನ ಪಕ್ಕದಲ್ಲಿ ಜಾಗ ತೋರಿಸಿದಳು.

"ನಾನ್ ಒಪ್ಪಲಿಲ್ಲೆ."

"ನಾನೂ ಒಪ್ಪಲಿಲ್ಲೆ."

"ಹಾಂಗಾರೆ ಕೂಕಣಿ. ಬಸ್ಸಿಗೆ ಇನ್ನೂ ಹೊತ್ತಿತ್ತ್, ಮಾತಾಡ್ವ."