ಕೆದುಬೈಲಿನ ಮೂರು ಗದ್ದೆ

"ಮೊದಲು ಆ ಕಾಲು ತೆಗೀರಿ!"

ಸರಪಳಿಯ ತುದಿ ಹಿಡಿದು ಬಗ್ಗಿದ್ದವನು ಬೆಚ್ಚಿ ತಲೆಯೆತ್ತಿದ. ಎದುರಿಗೆ ಹಾರೆ ಹಿಡಿದು ನಿಂತ ಹೆಣ್ಣು. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೊಣಕೈವರೆಗೆ ಮಣ್ಣು, ಕಣ್ಣಲ್ಲಿ ಕೆಂಡ.

"ನಿನ್ನೆ ಕಟ್ಟಿದ ಹುಣಿ ಅದು. ಅದರ ಮೇಲೆಯೇ ನಿಂತಿದ್ದೀರಲ್ಲ!"

ಅವನು ಕೆಳಗೆ ನೋಡಿದ. ಗದ್ದೆಯ ಅಂಚಿಗೆ ಕಟ್ಟಿದ್ದ ಹಸಿ ಮಣ್ಣಿನ ಏರಿ ಅವನ ಬೂಟಿನಡಿ ಕುಸಿದಿತ್ತು. ಗಾಬರಿಯಿಂದ ಪಕ್ಕಕ್ಕೆ ಹಾರಿದ. ಹಾರಿದ್ದು ಇನ್ನೊಂದು ಹುಣಿಯ ಮೇಲೆ!

"ಅಯ್ಯೋ ದೇವರೇ... ಎಂತ ಮನುಷ್ಯ ಮಾರಾಯ್ರೆ ನೀವು?"

"ತಪ್ಪಾಯ್ತು ಕಣ್ರೀ. ಹೊಸಬ ನಾನು. ನಂಜುಂಡ ಅಂತ, ಸರ್ವೆಗೆ ಬಂದಿದ್ದೀನಿ."

ಸರ್ವೆ! ನೀಲಾವತಿಯ ಎದೆ ಧಸಕ್ಕೆಂದಿತು.

ಸಾವಿರದ ಒಂಬೈನೂರ ಅರವತ್ತೊಂದರ ಏಪ್ರಿಲ್ ಅದು. ಮರ್ಕಂಜದ ಈ ಮೂಲೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಸುದ್ದಿ. ಕೆದುಬೈಲಿನ ಕೆರೆ ಬೇಸಿಗೆಯಲ್ಲೂ ಬತ್ತುವುದಿಲ್ಲವೆಂದು ತಿಳಿದು, ಅದರ ಸುತ್ತ ವಿಹಾರ ಕಾಲೊನಿ ಮಾಡುತ್ತಾರಂತೆ. ನಲವತ್ತು ಬಂಗಲೆ, ಒಂದು ಕ್ಲಬ್ಬು, ದೋಣಿ... ಮಂಗಳೂರಿನ ಸಾಹುಕಾರರು ಕಾರಿನಲ್ಲಿ ಬಂದು ಗಾಳಿ ತಿಂದು ಹೋಗುತ್ತಾರಂತೆ. ಬೇಸಾಯದ ಭೂಮಿಯನ್ನು ಮುಟ್ಟುವುದಿಲ್ಲ, ಪಾಳು ಗುಡ್ಡವನ್ನಷ್ಟೇ ಕಾಲೊನಿಗೆ ಬದಲಾಯಿಸುವುದು ಎಂದು ಡಂಗುರವೂ ಆಗಿತ್ತು.

ಕೆರೆಯ ಮೇಲ್ಬದಿಯ ಈ ಮೂರು ಗದ್ದೆಗಳನ್ನು ನೀಲಾವತಿಯ ಅಪ್ಪ ಕಾಡು ಕಡಿದು ಮಾಡಿದ್ದು. ಇವಕ್ಕೆ ಕಾಗದಪತ್ರ ಇರಲಿಲ್ಲ. ಹೋದ ಮಳೆಗಾಲದಲ್ಲಿ ಅಪ್ಪ ತೀರಿಕೊಂಡು ಬೇಸಾಯ ತಪ್ಪಿ, ಗದ್ದೆ ತುಂಬ ಮುಳ್ಳು ಬೆಳೆದಿತ್ತು. ಈ ವರ್ಷ ಮತ್ತೆ ಉತ್ತು ನಡಬೇಕೆಂದು ಒಬ್ಬಳೇ ಹುಣಿ ಕಟ್ಟುತ್ತಿದ್ದಳು. ಮನೆಯ ವರ್ಷದ ಅನ್ನ ಇಲ್ಲಿಂದಲೇ ಬರಬೇಕು.

ನಂಜುಂಡ ಫೀಲ್ಡ್ ಬುಕ್ ತೆರೆದ. "ಈ ಮೂರು ತುಂಡು ಏನು ಅಂತ ಬರೀಲಿ?"

"ಬೆಟ್ಟು."

"ಇದಾ?" ಅವನ ಹುಬ್ಬು ಮೇಲೇರಿತು. "ಇದು ಬೆಟ್ಟವಾ?"

"ಕಿವಿ ಕೇಳುದಿಲ್ವಾ? ಬೆಟ್ಟು, ಬೆಟ್ಟು! ಅಪ್ಪನ ಕಾಲದಿಂದಲೂ ಇದು ಬೆಟ್ಟೇ!"

ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ನಗುದು ಎಂತಕ್ಕೆ?"

"ಏನಿಲ್ಲ. ನಮ್ಮ ಸಕಲೇಶಪುರದ ಕಡೆ ಬನ್ನಿ, ಬೆಟ್ಟ ಅಂದ್ರೆ ಏನು ಅಂತ ತೋರಿಸ್ತೀನಿ!"

'ನಮ್ಮ ಗದ್ದೆ ಚಿಕ್ಕದೆಂದು ಹಾಸ್ಯವೇ? ಇವನ ಸೊಕ್ಕೇ!' ನೀಲಾವತಿ ಮುಖ ತಿರುಗಿಸಿ ಹಾರೆ ಎತ್ತಿದಳು. ಅವನು ಬರೆದುಕೊಂಡು ಹೋದ.

ಆದರೆ ಮರುದಿನ ಬೆಳಿಗ್ಗೆ ಅವಳು ಬಂದಾಗ ಕುಸಿದ ಎರಡೂ ಹುಣಿ ಎದ್ದು ನಿಂತಿದ್ದವು! ಬೂಟು ಬಿಚ್ಚಿಟ್ಟು, ಪ್ಯಾಂಟು ಮಡಚಿ, ನಂಜುಂಡ ಕೆಸರು ಬಡಿಯುತ್ತಿದ್ದ.

"ಸರಿಯಾಗಿದೆಯಾ ನೋಡಿ."

ಸರಿಯಾಗಿಯೇ ಇತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. "ಆಸರಿಗೆ ಬೇಕಾದರೆ ಮನೆಗೆ ಬನ್ನಿ, ಮಜ್ಜಿಗೆ ಉಂಟು," ಎಂದಷ್ಟೇ ಹೇಳಿದಳು.

*

ಮಜ್ಜಿಗೆಗೆ ಬಂದವನು ಮತ್ತೆ ಮತ್ತೆ ಬಂದ. ಸರ್ವೆ ಮುಗಿಯಲು ತಿಂಗಳಿಗೂ ಮಿಕ್ಕಿ ಬೇಕಾಯಿತು.

ನೀಲಾವತಿಯ ಅವ್ವ ದುಗ್ಗಮ್ಮನಿಗಂತೂ ಅವನೆಂದರೆ ಪ್ರಾಣ. "ನಮ್ಮ ಹಿರಿಯರೂ ನಿನ್ನೂರಿನ ಕಡೆಯ ಐಗೂರು ಸೀಮೆಯಿಂದ ಘಟ್ಟ ಇಳಿದು ಬಂದ ಗೌಡರೇ ಮಗ. ನೀನು ಸ್ವಲ್ಪ ತಡವಾಗಿ ಇಳಿದೆ, ಅಷ್ಟೇ!" ಎನ್ನುವಳು.

"ನಾಲ್ಕನೇ ಮಗ ನಾನು, ಅವ್ವ. ನನ್ನ ಪಾಲಿಗೆ ಭೂಮಿಯೇ ಇಲ್ಲ. ಬೇರೆಯವರ ಭೂಮಿ ಅಳೆಯೋದೇ ನನ್ನ ಬದುಕು."

ಅವನು ಹಾಗೆಂದಾಗ ಒಳಗೆ ಅಕ್ಕಿ ಕೇರುತ್ತಿದ್ದ ನೀಲಾವತಿಯ ಕೈ ನಿಂತಿತು. ಏಕೆ ನಿಂತಿತು? ಯಾರೋ ದಾರಿಹೋಕ... ಅವನಿಗೆ ಭೂಮಿ ಇದ್ದರೆಷ್ಟು, ಇಲ್ಲದಿದ್ದರೆಷ್ಟು!

ಆದರೂ ಸಂಜೆಯಾದರೆ ಕಿವಿ ಕೆರೆದಂಡೆಯ ಕಡೆಗೇ. ಬೂಟಿನ ಸದ್ದು ಕೇಳಿದರೆ ಒಂದು ಚಡಪಡಿಕೆ, ಕೇಳದಿದ್ದರೆ ಅದಕ್ಕಿಂತ ದೊಡ್ಡ ಚಡಪಡಿಕೆ.

ಹೊರಡುವ ಮುನ್ನಾದಿನ ಅವನು ಅಂಗಳದ ತುದಿಯಲ್ಲಿ ನಿಂತ.

"ನಾಳೆಯಿಂದ ಪುತ್ತೂರಲ್ಲಿ ನಕ್ಷೆ ಬರೆಯೋ ಕೆಲಸ. ನೀಲಾವತಿಯವರೇ... ಅದು ಮುಗಿದ ಮೇಲೆ ಒಂದು ಮಾತು ಕೇಳೋಕೆ ಬರ್ತೀನಿ. ಬರಬಹುದಾ?"

ಅವಳು ಕಂಬ ಹಿಡಿದು ನಿಂತಳು. "ದಾರಿ ಗೊತ್ತುಂಟಲ್ಲ," ಎಂದಳು ಮೆಲ್ಲಗೆ.

*

ಅವನಿಗಿಂತ ಮೊದಲು ನೋಟೀಸು ಬಂತು.

ಅದನ್ನು ತಂದವನು ಅವ್ವನ ತಮ್ಮ ಪದ್ಮಯ್ಯ. ಏದುಸಿರು ಬಿಡುತ್ತ ಜಗಲಿ ಹತ್ತಿದ. "ನೀಲಾ, ಚಾವಡಿಯ ಬಾಗಿಲಿಗೆ ಅಂಟಿಸಿದ್ದಾರೆ, ಒಂದು ಪ್ರತಿ ತಂದಿದ್ದೇನೆ. ನಿಮ್ಮ ಮೂರು ತುಂಡೂ ಉಂಟು!"

'ಬೆಟ್ಟ. ಪಾಳು. ಸರ್ಕಾರಿ ಜಾಗ. ವಿಹಾರ ಕಾಲೊನಿಯ ವಸತಿಗೆ ಬದಲಾಯಿಸಬಹುದು. ತಕರಾರಿದ್ದವರು ಜೂನ್ ಐದರಂದು ಪುತ್ತೂರಿನ ವಿಚಾರಣೆಗೆ ಬರತಕ್ಕದ್ದು.'

ಕೆಳಗೆ ಅಳತೆ ಮಾಡಿದವರ ಹೆಸರು. ನಂಜುಂಡ.

ನೀಲಾವತಿಗೆ ಅಕ್ಷರಗಳು ಈಜತೊಡಗಿದವು. ಹುಣಿ ಕಟ್ಟಿದ ಆ ಕೈ... ಅದೇ ಕೈ ಹೀಗೆ ಬರೆಯಿತೇ? ಕುಡಿದ ಮಜ್ಜಿಗೆ, ಆಡಿದ ಮಾತು, ಅಂಗಳದ ಆ ಸಂಜೆ... ಎಲ್ಲ ಸುಳ್ಳೇ?

ಎರಡು ದಿನ ಬಿಟ್ಟು ಅವನು ಬಂದ. ಮುಖದಲ್ಲಿ ಸಂಭ್ರಮ, ಕೈಯಲ್ಲಿ ಅವ್ವನಿಗೆಂದು ತಂದ ಸಕ್ಕರೆಯ ಪೊಟ್ಟಣ.

"ಅಲ್ಲೇ ನಿಲ್ಲಿ!" ನೀಲಾವತಿಯ ದನಿಗೆ ಅವನ ಕಾಲು ಮೆಟ್ಟಿಲಲ್ಲೇ ನಿಂತಿತು. "ನೀರು ನಿಲ್ಲುವ ಗದ್ದೆಗೆ ನಿಮ್ಮ ಲೆಕ್ಕದಲ್ಲಿ ನಂಜ ಅಂತಾರಲ್ಲ? ನಮ್ಮ ನಂಜವನ್ನು ಉಂಡಿರಿ. ನಂಜುಂಡ! ನಿಮ್ಮ ಅಪ್ಪ ಅಮ್ಮ ಹೆಸರು ಸರಿಯಾಗಿಯೇ ಇಟ್ಟಿದ್ದಾರೆ!"

"ಏನಾಯ್ತು? ನನಗೆ ಅರ್ಥ ಆಗ್ತಿಲ್ಲ..."

ಅವಳು ನೋಟೀಸಿನ ಪ್ರತಿಯನ್ನು ಅವನೆದುರು ಎಸೆದಳು. ಅವನು ಓದಿದ. ಮತ್ತೆ ಓದಿದ.

"ಆದರೆ... ನೀವೇ ಹೇಳಿದ್ರಲ್ಲ, ಬೆಟ್ಟ ಅಂತ. ಎರಡು ಸಲ ಕೇಳಿದ್ದೆ ನಾನು! ಮುಳ್ಳು ನೋಡಿ, ಗುಡ್ಡ ಕಡಿದು ಹೊಸದಾಗಿ ಗದ್ದೆ ಮಾಡ್ತಿದ್ದೀರಿ ಅಂದ್ಕೊಂಡೆ."

"ಈಗ ತಪ್ಪು ನನ್ನ ತಲೆಗಾ? ಬೆಟ್ಟು ಅಂದೆ ನಾನು, ಬೆಟ್ಟು ಗದ್ದೆ! ಅದನ್ನು ಬೆಟ್ಟ ಮಾಡಿದ್ದು ನೀವು! ಕಾಲೊನಿಯವರು ಎಂತ ಕೊಡ್ತೇವೆ ಅಂದ್ರು?"

ಅವನ ಮುಖ ಬಿಳುಚಿತು. ಪೊಟ್ಟಣವನ್ನು ಜಗಲಿಯ ಮೇಲಿಟ್ಟು, ಅಲ್ಲೇ ಕೂತಿದ್ದ ಪದ್ಮಯ್ಯನ ಕಡೆ ತಿರುಗಿದ.

"ಮಾವ... ಬೆಟ್ಟು ಅಂದ್ರೆ ಏನು?"

ಪದ್ಮಯ್ಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಹೋ... ನಿಮಗೆ ಗೊತ್ತೇ ಇಲ್ವಾ ಮಾರಾಯ್ರೆ? ಕೆಳಗಿನ ಗದ್ದೆ ಬೈಲು, ಮೂರು ಬೆಳೆ. ನಡುವಿನದು ಮಜಲು, ಎರಡು ಬೆಳೆ. ಮೇಲಿನದು ಬೆಟ್ಟು. ಮಳೆ ನೀರಿಗೆ ಒಂದೇ ಬೆಳೆ. ಅದು ಗುಡ್ಡ ಅಲ್ಲ, ಗದ್ದೆ!"

ನಂಜುಂಡ ಒಂದು ಕ್ಷಣ ಕಣ್ಣು ಮುಚ್ಚಿದ. ತಟ್ಟನೆ ತಿರುಗಿ ಮೆಟ್ಟಿಲಿಳಿದು ಹೋದ.

*

ಹೋದವನು ತಿರುಗಿ ಬರಲಿಲ್ಲ.

ನೀಲಾವತಿಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಅಟ್ಟದಿಂದ ಬೀಜದ ಭತ್ತ ಇಳಿಸುವಳು, ಮತ್ತೆ ಏರಿಸುವಳು. ಬಿತ್ತಬೇಕೋ ಬೇಡವೋ? ನಾಳೆ ಯಾರದೋ ಬಂಗಲೆಯಾಗುವ ಮಣ್ಣಿಗೆ ಬೀಜ ಹಾಕುವುದೇ?

'ಅವನು ಮೋಸಗಾರ,' ಎನ್ನುವಳು. 'ಅಲ್ಲ, ಅವನಿಗೆ ಗೊತ್ತಿರಲಿಲ್ಲ,' ಎನ್ನುವಳು. ಗೊತ್ತಿಲ್ಲದೆ ಮಾಡಿದ್ದಾದರೆ ಓಡಿಹೋದದ್ದೇಕೆ?

"ಓಡಿಹೋದ ಅಂತ ನಿನಗೆ ಯಾರು ಹೇಳಿದ್ದು?" ಎಂದಳು ದುಗ್ಗಮ್ಮ ಒಲೆಯ ಮುಂದಿನಿಂದ. "ಕೋಡಿಂಬಾಳದ ಕಡೆ ಗದ್ದೆ ಗದ್ದೆ ತಿರುಗ್ತಾ ಇದ್ದಾನಂತೆ. ಬಸ್ಸಿನ ಅದ್ರಾಮ ನೋಡಿದ್ದಾನೆ."

"ತಿರುಗಲಿ! ನನಗೆಂತ?"

"ನಿನಗೆ ಎಂತ ಇಲ್ಲದಿದ್ದರೆ, ಆ ಸಕ್ಕರೆ ಪೊಟ್ಟಣ ನಿನ್ನ ಪೆಟ್ಟಿಗೆಯೊಳಗೆ ಎಂತ ಮಾಡ್ತಾ ಉಂಟು?"

ನೀಲಾವತಿ ಹಿತ್ತಲಿಗೆ ಓಡಿದಳು. ಅಲ್ಲಿ ಯಾರೂ ಇರಲಿಲ್ಲ. ಮನಸಾರೆ ಅತ್ತಳು.

*

ಜೂನ್ ಐದು. ಪುತ್ತೂರಿನ ಬಂಗಲೆಯೊಂದರ ಜಗಲಿಯಲ್ಲಿ ವಿಚಾರಣೆ. ಮೇಜಿನ ಹಿಂದೆ ಯೋಜನೆಯ ವಿಶೇಷ ಅಧಿಕಾರಿ. ಪಕ್ಕದಲ್ಲಿ ಕಾಲೊನಿಯ ಕಡೆಯ ಸರ್ವೋತ್ತಮ ಪೈಗಳು, ಬಿಳಿ ಕೋಟು, ಕೈಯಲ್ಲಿ ನಕ್ಷೆ.

ನೀಲಾವತಿ ಪದ್ಮಯ್ಯ ಮಾವನ ಹಿಂದೆ ನಿಂತಿದ್ದಳು. ಹುಡುಕಬಾರದೆಂದರೂ ಕಣ್ಣು ಹುಡುಕಿತು. ಮೂಲೆಯಲ್ಲಿ ಅವನಿದ್ದ. ಬಿಸಿಲಿಗೆ ಕಪ್ಪಾಗಿದ್ದ, ಕೆನ್ನೆ ಒಳಹೋಗಿತ್ತು.

"ಫೀಲ್ಡ್ ಬುಕ್ಕಿನಲ್ಲಿ ಸ್ಪಷ್ಟವಾಗಿ ಉಂಟು ಸ್ವಾಮಿ," ಎಂದರು ಪೈಗಳು. "ಬೆಟ್ಟ ಅಂತ. ಹೇಳಿದವರು ಇದೇ ನೀಲಾವತಿ. ಈಗ ಮಾತು ತಿರುಗಿಸಿದರೆ ಹೇಗೆ?"

ಅಧಿಕಾರಿ ನಂಜುಂಡನ ಕಡೆ ನೋಡಿದರು. "ಏನ್ರೀ? ಈ ಹೆಣ್ಣುಮಗಳು ಬೆಟ್ಟ ಅಂತ ಹೇಳಿದ್ದು ನಿಜವಾ?"

ನೀಲಾವತಿ ಅವನನ್ನೇ ನೋಡಿದಳು. 'ಹೌದು' ಎಂದರೆ ಅವನು ಬಚಾವು. ಗದ್ದೆ ಹೋಯಿತು!

"ಇಲ್ಲ ಸಾರ್. ಅವರು ಸರಿಯಾಗಿಯೇ ಹೇಳಿದ್ರು. ನಾನು ನಮ್ಮೂರಿನ ಮಾತು ಕೇಳಿಸಿಕೊಂಡೆ. ಇವರ ಬೆಟ್ಟು ಗದ್ದೆಯನ್ನ ನಾನು ಬೆಟ್ಟ ಅಂತ ಬರೆದೆ. ತಪ್ಪು ಪೂರ್ತಿ ನನ್ನದು."

ಅವನು ಒಂದು ಕಟ್ಟು ಹಾಳೆ ಮೇಜಿನ ಮೇಲಿಟ್ಟ.

"ಇವರೊಬ್ಬರದ್ದೇ ಅಲ್ಲ. ನಾನು ಅಳೆದ ಊರುಗಳಿಗೆಲ್ಲ ಮತ್ತೆ ಹೋದೆ. ಹದಿನೇಳು ಮನೆಯವರ ಬೆಟ್ಟು ಗದ್ದೆಗೂ ಇದೇ ಗತಿ ಆಗಿದೆ. ಯಾರು ಏನು ಬೆಳೀತಾರೆ, ಎಲ್ಲ ಬರೆದಿದ್ದೀನಿ."

ಜಗಲಿಯಲ್ಲಿ ಗುಜುಗುಜು ಎದ್ದಿತು. ಅಧಿಕಾರಿಯ ಮುಖ ಕೆಂಪಾಯಿತು. "ಇದರ ಪರಿಣಾಮ ಗೊತ್ತಾ ನಿಮಗೆ?"

"ಗೊತ್ತು ಸಾರ್."

"ಸ್ವಾಮಿ!" ನೀಲಾವತಿ ಮಾವನನ್ನು ಸರಿಸಿ ಮುಂದೆ ಬಂದಳು. "ಅವರು ಎರಡು ಸಲ ಕೇಳಿದ್ರು. ಬಿಡಿಸಿ ಹೇಳುವ ಬದಲು ನಾನು ಕಿವಿ ಕೇಳುದಿಲ್ವಾ ಅಂತ ಗದರಿಸಿದೆ. ಪೂರ್ತಿ ತಪ್ಪು ಅವರದ್ದಲ್ಲ. ಅರ್ಧ ನನ್ನದೂ ಉಂಟು."

ಅಧಿಕಾರಿ ಹಾಳೆಗಳನ್ನು ಬಹಳ ಹೊತ್ತು ತಿರುವಿದರು. ಕೊನೆಗೆ ಪೆನ್ನು ಎತ್ತಿ ಹದಿನೇಳು ಮನೆಯವರ ಗದ್ದೆಗಳನ್ನು ನಕ್ಷೆಯಿಂದ ಹೊಡೆದುಹಾಕಿದರು. ಕಾಲೊನಿ ಬೇಕಿದ್ದರೆ ಕೆರೆಯ ಆಚೆ ಬದಿಯ ಕಲ್ಲುಗುಡ್ಡದಲ್ಲಿ ಆಗಲಿ! ಪೈಗಳು ನಕ್ಷೆ ಸುತ್ತಿಕೊಂಡರು.

ನಂಜುಂಡನಿಗೂ ಅಲ್ಲೇ ಹುಕುಂ ಆಯಿತು. ಏಳು ದಿನದೊಳಗೆ ಚಿತ್ರದುರ್ಗದ ಕಡೆಗೆ ಹೋಗಿ ಸೇರಬೇಕು.

ಅವನು ಅವಳ ಕಡೆ ಒಮ್ಮೆ ನೋಡಿದ. ಕೈ ಮುಗಿದು ಹೊರಟೇಹೋದ.

*

"ಗದ್ದೆ ಉಳಿಯಿತಲ್ಲ ಮಗಾ, ಇನ್ನೆಂತಕ್ಕೆ ಕಣ್ಣೀರು?" ಎಂದ ಪದ್ಮಯ್ಯ.

"ಮಾವ... ಘಟ್ಟದ ಬಸ್ಸು ಎಷ್ಟು ಹೊತ್ತಿಗೆ?"

ಪದ್ಮಯ್ಯ ಅವಳ ಮುಖ ನೋಡಿದ. "ಎರಡೂವರೆಗೆ. ಓಡು. ನಾನು ಹಿಂದಿನಿಂದ ಬರ್ತೇನೆ, ನನ್ನ ಮಂಡಿಗೆ ಓಡ್ಲಿಕ್ಕೆ ಆಗುದಿಲ್ಲ."

ಬಸ್ಸಿನ ತಲೆಯ ಮೇಲೆ ಅವನ ಕಬ್ಬಿಣದ ಪೆಟ್ಟಿಗೆ ಏರಿಸಿಯಾಗಿತ್ತು. ನಂಜುಂಡ ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದ.

"ಒಂದು ಮಾತು ಕೇಳ್ಲಿಕ್ಕೆ ಬರ್ತೇನೆ ಅಂದಿದ್ರಿ!" ಅವಳು ಏದುಸಿರು ಬಿಡುತ್ತ ನಿಂತಳು. "ಕೇಳದೆ ಹೋಗುದಾ?"

ಅವನು ತಿರುಗಿದ. "ಕೇಳೋ ಮುಖ ಉಳಿದಿಲ್ಲ, ನೀಲಾವತಿಯವರೇ."

"ನಾನು ಬಾಯಿಗೆ ಬಂದ ಹಾಗೆ ಬೈದೆ. ಕೆಟ್ಟ ಮಾತು ಆಡಿದೆ..."

"ನಿಮ್ಮ ಅನ್ನಕ್ಕೆ ಕಲ್ಲು ಹಾಕಿದವನನ್ನ ಬೈಯದೆ ಇನ್ನೇನು ಮಾಡ್ತೀರಿ?" ಅವನ ದನಿ ತಡವರಿಸಿತು. "ಕೇಳ್ತೀನಿ ಹಾಗಾದ್ರೆ. ನನ್ನನ್ನ ಮದುವೆ ಆಗ್ತೀರಾ? ಚಿತ್ರದುರ್ಗಕ್ಕೆ ಬರ್ತೀರಾ?"

"ಬರುದಿಲ್ಲ."

ಅವನು ತಲೆ ತಗ್ಗಿಸಿದ.

"ಚಿತ್ರದುರ್ಗಕ್ಕೆ ಬರುದಿಲ್ಲ ಅಂದೆ. ಮದುವೆ ಆಗುದಿಲ್ಲ ಅನ್ನಲಿಲ್ಲ!" ಅವಳ ಕಣ್ಣು ತುಂಬಿ ಬಂತು. "ಅವ್ವನನ್ನೂ ಗದ್ದೆಯನ್ನೂ ಬಿಟ್ಟು ನಾನು ಎಲ್ಲಿಗೂ ಬರುದಿಲ್ಲ. ನೀವೇ ಬನ್ನಿ. ನಮ್ಮ ಮನೆಗೆ..."

"ಮನೆ ಅಳಿಯ ಆಗಿ?"

"ನಿಮಗೆ ನಾಚಿಕೆಯಾ?"

ಅವನು ಅವಳನ್ನೇ ನೋಡಿದ. ಇಷ್ಟು ವರ್ಷ ಎಷ್ಟೋ ಊರಿನಲ್ಲಿ ಸರಪಳಿ ಎಳೆದಿದ್ದ. 'ಬಂದು ಇಲ್ಲಿರು' ಎಂದು ಯಾವ ಊರೂ ಅವನನ್ನು ಕರೆದಿರಲಿಲ್ಲ.

"ಓ ಸರ್ವೆಯವ್ರೆ!" ಕಂಡಕ್ಟರ್ ಅದ್ರಾಮ ಬಾಗಿಲಿನಿಂದ ತಲೆ ಹಾಕಿದ. "ಒಂದು ಕಾಲು ಪುತ್ತೂರಲ್ಲಿ, ಒಂದು ಕಾಲು ಬಸ್ಸಲ್ಲಿ! ಬರುದಾ, ನಿಲ್ಲುದಾ? ಬೇಗ ಹೇಳಿ ಮಾರಾಯ್ರೆ!"

ನಂಜುಂಡ ಮೆಟ್ಟಿಲಿಂದ ಕಾಲು ತೆಗೆದ.

"ಪೆಟ್ಟಿಗೆ ಇಳಿಸಪ್ಪ, ಅದ್ರಾಮ. ಚಿತ್ರದುರ್ಗದ ಕೆಲಸ ಬಿಟ್ಟೆ."

ಅದ್ರಾಮ ಇಬ್ಬರನ್ನೂ ನೋಡಿ ಗಟ್ಟಿಯಾಗಿ ನಕ್ಕು, ಏಣಿ ಹತ್ತಿದ.

ಊರ ಕಡೆಗೆ ಹೋಗುವ ಸುಳ್ಯದ ಬಸ್ಸಿನಲ್ಲಿ ನೀಲಾವತಿ ಮುಂದಿನ ಸೀಟಿನಲ್ಲಿ ಕೂತಳು. ನಂಜುಂಡ ಪಕ್ಕದ ಖಾಲಿ ಜಾಗದ ಕಡೆ ಕಣ್ಣು ಹಾಯಿಸಿದ.

"ಇಲ್ಲಿ ಕೂರಬಹುದಾ?"

"ಇವತ್ತು ಬೇಡ. ಹಿಂದೆ ಮಾವ ಇದ್ದಾರೆ, ಅವರ ಹತ್ತಿರ ಕೂತ್ಕೊಳ್ಳಿ."

"ಮತ್ತೆ ಯಾವಾಗ?"

"ಅವ್ವ ದಿನ ನೋಡಿ ಹೇಳ್ಬೇಕು." ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಗು ಮಾತ್ರ ಅಡಗಲಿಲ್ಲ. "ನಾಟಿ ಮುಗಿಯುವವರೆಗೆ ಅವ್ವನಿಗೆ ಪುರುಸೊತ್ತಿಲ್ಲ."

"ಅಯ್ಯೋ... ಅದು ಮುಗಿಯೋಕೆ ಎಷ್ಟು ದಿನ ಬೇಕು?"

"ಇಬ್ಬರೇ ಆದರೆ ತಿಂಗಳು ಬೇಕು."

"ಮೂವರಾದರೆ?"

ಅವಳು ಮೆಲ್ಲನೆ ತಿರುಗಿ, ಮೊದಲ ಸಲ, ಕಣ್ಣು ತಪ್ಪಿಸದೆ ಅವನನ್ನು ನೋಡಿದಳು.

"ನಾಳೆ ಬೆಳಿಗ್ಗೆ ಬೇಗ ಏಳಿ... ಆಗ ಹೇಳ್ತೇನೆ."