ದುಗ್ಗಲೆ ಮಾಡಿದ ಮುಖಗಳು

ಬಹಳ ಕಾಲದ ಹಿಂದೆ, ಏಳು ಬೆಟ್ಟಗಳಾಚೆ, ನೀಲವತಿ ಎಂಬ ರಾಜ್ಯವಿತ್ತು. ಅಲ್ಲಿನ ಕಾಡಿನಲ್ಲಿ ಕರಾಳಜಟನೆಂಬ ಮಾಂತ್ರಿಕ ಉರಿಯುಸಿರಿನ ಹುಲಿಯೊಂದನ್ನು ಸಾಕಿದ್ದ. ಅದರ ಉಸಿರು ತಾಕಿದರೆ ಪ್ರಾಣ ಹೋಗುತ್ತಿರಲಿಲ್ಲ. ಮೂಗೋ ಕೆನ್ನೆಯೋ ಬೂದಿಯಾಗಿ ಉದುರುತ್ತಿತ್ತು. ಒಂದು ದಿನ ರಾಜಕುಮಾರಿ ಪದ್ಮಲೆಯ ಮೂಗು, ಬಲಗೆನ್ನೆ ಹೋದವು.

ರಾಜ ಶಿಲ್ಪಿ ಮಾಚೋಜನನ್ನು ಕರೆಸಿದ. ಅವಳು ತೊಡಲೆಂದು ಅವನು ಕೆತ್ತಿದ ಮುಖ ದೇವಿಯ ಮುಖದಂತೆ ಹೊಳೆಯಿತು. ರಾಜಕುಮಾರಿ ಕನ್ನಡಿ ನೋಡಿ, "ಚೆನ್ನಾಗಿದೆ. ಆದರೆ ಇದು ನಾನಲ್ಲ" ಎಂದಳು.

ಆಗ ಮಾಚೋಜನ ಶಿಷ್ಯೆ ದುಗ್ಗಲೆ ಮುಂದೆ ಬಂದಳು. ಉಳಿದಿದ್ದ ಎಡಗೆನ್ನೆಯನ್ನು ದಾರದಿಂದ ಅಳೆದಳು. "ಒಮ್ಮೆ ನಗಿ ಅಮ್ಮಣ್ಣಿ" ಎಂದು, ನಕ್ಕಾಗ ಬಿದ್ದ ಗುಳಿಯನ್ನೂ ಅಳೆದಳು. ಸಭೆಯೆಲ್ಲ ತಲೆದೂಗಿತು. ಮಾಚೋಜನ ಹೊಟ್ಟೆಗೆ ಬೆಂಕಿ ಬಿತ್ತು.

ಅವನು ನೆಟ್ಟಗೆ ಮಾಂತ್ರಿಕನ ಗುಹೆಗೆ ಹೋದ. "ಅವಳ ಕೆಲಸ ಕೆಡಬೇಕು."

"ಕೆಡಿಸುತ್ತೇನೆ. ಸಲಕ್ಕೊಂದರಂತೆ ನಿನ್ನ ಮುಖದ ತುಂಡು ಕೊಡಬೇಕು."

"ತಗೋ" ಎಂದ ಮಾಚೋಜ.

ದುಗ್ಗಲೆ ಜೇನುಮೇಣದ ಮುಖ ಮಾಡಿದಳು, ತೊಡಿಸುತ್ತಲೇ ಕರಗಿತು. ಮಾಚೋಜನ ಕಿವಿ ಉದುರಿತು. ಪೇಟದಲ್ಲಿ ಮುಚ್ಚಿಕೊಂಡ. ಹಗುರ ಮರದ ಮುಖ ಮಾಡಿದಳು, ಸೀಳಿತು. ಅವನ ಬಲಗೆನ್ನೆ ಹೋಯಿತು. ಪೇಟದ ತುದಿ ಎಳೆದುಕೊಂಡ. ಮೂರನೆಯ ಸಲ ಆಲದ ಮರದ ಹಾಲು ಕಾಸಿ, ಚರ್ಮದಷ್ಟು ಮೆತ್ತನೆಯ ಮುಖ ಮಾಡಿದಳು. ಅದೂ ಹೊಗೆಯಾಯಿತು. ತುಂಬಿದ ಸಭೆಯಲ್ಲೇ ಮಾಚೋಜನ ಮೂಗು ಉದುರಿತು.

ದುಗ್ಗಲೆ ದಾರ ಹಿಡಿದು ಓಡಿಬಂದಳು. "ಅಯ್ಯೋ ಗುರುಗಳೇ! ಅಲ್ಲಾಡಬೇಡಿ. ಹತ್ತು ವರ್ಷ ನಿಮ್ಮೆದುರು ಕೂತವಳು, ಈ ಮುಖ ಕಣ್ಣು ಮುಚ್ಚಿ ಮಾಡಬಲ್ಲೆ."

ಮಾಚೋಜ ಹಿಂದೆ ಸರಿದ. "ಮುಟ್ಟಬೇಡ ಮಗಳೇ. ಕೆಡಿಸಿದವನು ನಾನೇ. ನಿನ್ನನ್ನು ಹೊಗಳಿದ್ದು ಸಹಿಸಲಾಗಲಿಲ್ಲ."

ಅವಳ ಕೈ ನಿಂತಿತು. "ಅಮ್ಮಣ್ಣಿ ಮೂರು ಸಲ ಅತ್ತರು. ನೀವು ನೋಡುತ್ತಲೇ ಇದ್ದಿರಲ್ಲ?"

ಮಾಚೋಜ ಸುತ್ತಿಗೆ ಎತ್ತಿಕೊಂಡು ಕಾಡಿನ ದಾರಿ ಹಿಡಿದ.

ಮಾಂತ್ರಿಕನ ಶಕ್ತಿಯೆಲ್ಲ ಗುಹೆಯೊಳಗಿನ ಗಡಿಗೆಯೊಂದರಲ್ಲಿತ್ತು; ಮೊದಲ ಸಲ ಹೋದಾಗಲೇ ಮಾಚೋಜ ಅದನ್ನು ಕಂಡುಕೊಂಡಿದ್ದ. ಹುಲಿ ಉಸಿರೂದಿತು; ಮಾಚೋಜನ ಎಡಗೆನ್ನೆಯೂ ಹೋಯಿತು. ಆದರೂ ಅವನು ನಿಲ್ಲಲಿಲ್ಲ. ಒಂದೇ ಏಟಿಗೆ ಗಡಿಗೆ ಒಡೆಯಿತು. ಮಾಂತ್ರಿಕ ಬೂದಿಯಾದ. ಹುಲಿ ಬರೀ ಹುಲಿಯಾಗಿ ಓಡಿಹೋಯಿತು.

ಉದುರಿದ ಮುಖಗಳು ಮರಳಿ ಬರಲಿಲ್ಲ. ದುಗ್ಗಲೆ ಮತ್ತೆ ಆಲದ ಹಾಲು ಕಾಸಿದಳು. ಮೊದಲು ರಾಜಕುಮಾರಿಗೆ, ಆಮೇಲೆ ಊರಿನವರಿಗೆ, ಎಲ್ಲರಿಗಿಂತ ಕೊನೆಗೆ ಮಾಚೋಜನಿಗೆ ಮುಖ ತೊಡಿಸಿದಳು.

ಅವನು ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡ. "ಮೂಗು ತುಸು ಸೊಟ್ಟಗಿದೆ."

"ಮೊದಲೂ ಸೊಟ್ಟಗೇ ಇತ್ತು, ಗುರುಗಳೇ."

ಮಾಚೋಜ ನಕ್ಕುಬಿಟ್ಟ. ಅಂದಿನಿಂದ ಇಬ್ಬರೂ ಒಂದೇ ಮನೆಯಲ್ಲಿ ಕೆಲಸಕ್ಕೆ ಕೂತರು. ಅವಳನ್ನು ಯಾರಾದರೂ ಹೊಗಳಿದರೆ ಅವನ ಎದೆ ಚುರ್ರೆನ್ನುತ್ತಿತ್ತು. ಆದರೂ ಆಲದ ಹಾಲು ಕಾಸಿಕೊಡುತ್ತಿದ್ದ. ನೀಲವತಿಯಲ್ಲಿ ಮುಖ ಮುಚ್ಚಿಕೊಂಡು ಓಡಾಡುವವರು ಒಬ್ಬರೂ ಉಳಿಯಲಿಲ್ಲ. ಎಲ್ಲರೂ ಸುಖವಾಗಿ ಬಾಳಿದರು.