ಮೊದಲೇ ಕೆತ್ತಿದ ಹೆಸರು

ಗುರ್ರ್ರ್... ಟಕ ಟಕ ಟಕ...

ಪಂಪಾವತಿ ನಾಲಿಗೆಯ ತುದಿ ಕಚ್ಚಿಕೊಂಡು ಹೆಸರು ಹಾಕುವ ಮಿಷಿನ್ನನ್ನು ಗಟ್ಟಿಯಾಗಿ ಹಿಡಿದಿದ್ದಳು. ದಪ್ಪ ಪೆನ್ನಿನಂಥ ಅದರ ತುದಿಯ ಸೂಜಿ, ಹೊಸ ಟಿಫಿನ್ ಡಬ್ಬಿಯ ಮೇಲೆ ಸಣ್ಣ ಸಣ್ಣ ಚುಕ್ಕಿ ಕುಟ್ಟುತ್ತಿತ್ತು. 'ಪಂ' ಆಯಿತು, 'ಪಾ' ಆಯಿತು, 'ವ' ಆಯಿತು.

ಚಿತ್ತವಾಡ್ಗಿಯ ಆ ಪಾತ್ರೆ ಅಂಗಡಿ ಅವಳ ಅಪ್ಪ ಜಂಬಪ್ಪನದು. ಮದುವೆಗೆ, ಗೃಹಪ್ರವೇಶಕ್ಕೆ ಪಾತ್ರೆ ಕೊಳ್ಳುವವರು ಅದರ ಮೇಲೆ ತಮ್ಮ ಹೆಸರು ಹಾಕಿಸದೆ ಅಂಗಡಿ ಇಳಿಯುತ್ತಿರಲಿಲ್ಲ. ಬೇಸಿಗೆ ರಜೆಯಲ್ಲಿ ಪಂಪಾವತಿಯೂ ಆ ಕೆಲಸ ಕಲಿತಿದ್ದಳು. 'ಪ್ರೀತಿಯ ಕಾಣಿಕೆ' ಎಂದು ಬರೆಯುವುದರಲ್ಲಂತೂ ಅವಳು ಎಕ್ಸ್‌ಪರ್ಟ್.

ಇವತ್ತು ಅಪ್ಪ ಆರ್ಡರಿನ ಪಾತ್ರೆ ಕೊಡಲು ತೋರಣಗಲ್ಲಿಗೆ ಹೋಗಿದ್ದ. ಗಲ್ಲಾಪೆಟ್ಟಿಗೆಯ ಹತ್ತಿರ ತೂಕಡಿಸುತ್ತಿದ್ದ ಸಂಗಮ್ಮಜ್ಜಿ ಒಂದು ಕಣ್ಣು ತೆರೆದಳು.

"ಯಾರ ಹೆಸರು ಬರಿಯಾಕತ್ತೀಯೇ?"

"ನಂದೇ!"

"ಆ ಡಬ್ಬಿ ನಿಮ್ಮ ಸ್ಕೂಲಿನೋರು ಹೇಳಿದ್ದಲ್ಲೇನು?"

"ಹೂಂ ಅಜ್ಜಿ. ಶನಿವಾರ ಇಂಗ್ಲಿಷ್ ಪೋಯಮ್ ಕಾಂಪಿಟೇಶನ್. ಫಸ್ಟ್ ಬಂದೋರಿಗೆ ಈ ಡಬ್ಬಿ. 'ಪ್ರಥಮ ಬಹುಮಾನ' ಅಂತ ಅಪ್ಪ ಬರ್ದಾನ. ಗೆದ್ದೋರು ಆಮ್ಯಾಲೆ ಬಂದು ಹೆಸರು ಹಾಕಿಸ್ಕೋಬೇಕು. ಹೆಂಗಿದ್ರೂ ನಾನೇ ಫಸ್ಟ್. ಈಗ್ಲೇ ಹಾಕಿಬಿಟ್ರ ಟೈಮ್ ಉಳಿತೈತಿ."

"ಕೂಸು ಹುಟ್ಟೋಕಿಂತ ಮುಂಚೆ ಕುಲಾವಿ," ಎಂದು ಅಜ್ಜಿ ನಕ್ಕಳು. "ಎಲ್ಲಿ, ಆ ಪದ್ಯ ಹೇಳು ನೋಡೋಣು."

ಪಂಪಾವತಿ ಸ್ಟೂಲಿನ ಮೇಲೆ ಹತ್ತಿ, ಎದೆ ಉಬ್ಬಿಸಿ, ಇಂಗ್ಲಿಷಿನಲ್ಲಿ ಗಡಗಡ ಹೇಳಿದಳು. ಎದುರಿನ ಸೈಕಲ್ ಅಂಗಡಿಯವನೂ ತಿರುಗಿ ನೋಡಿದ.

"ಭಾಳ ಚಂದ ಒದರಿದಿ. ಏನೈತಿ ಅದರಾಗ?"

"ಒಬ್ಬ ರಾಜ ಇರ್ತಾನ. ಬಾಗಿಲ ಮ್ಯಾಲೆ, ಗಂಟಿ ಮ್ಯಾಲೆ, ಕಲ್ಲಿನ ಮ್ಯಾಲೆ, ಎಲ್ಲಾ ಕಡೆ ತನ್ನ ಹೆಸರು ಕೆತ್ತಿಸ್ತಾನ. ಆಮ್ಯಾಲೆ ಸತ್ತುಹೋಗ್ತಾನ. ಬಾಗಿಲು ಗೆದ್ದಲು ತಿಂತೈತಿ. ಗಂಟಿ ಕರಗಿಸಿ ಯಾರೋ ಕೊಡ ಮಾಡಿಸ್ಕೊಂತಾರ. ಕಲ್ಲಿಗೆ ಒಂದು ಮೇಕೆ ಬಂದು ಬೆನ್ನು ತಿಕ್ಕತೈತಿ. ಅಷ್ಟೇ."

"ಪಾಪ, ಅದಕ್ಕ ಕೆರಿತಿತ್ತೇನೋ," ಎಂದಳು ಅಜ್ಜಿ. "ಕೆತ್ತಿದ ಅಕ್ಷರ ಒರಟು ನೋಡು, ಬೆನ್ನಿಗೆ ಹಾಯೆನಿಸಿರ್ತೈತಿ."

"ಅಜ್ಜೀ! ಅದು ಸೀರಿಯಸ್ ಪದ್ಯ!"

ಅಜ್ಜಿ ಪಕ್ಕದಲ್ಲಿದ್ದ ತನ್ನ ಹಿತ್ತಾಳೆ ತಂಬಿಗೆ ಎತ್ತಿ ನೀರು ಕುಡಿದಳು. ಅದರ ಕೊರಳಿನ ಕೆಳಗೆ ಯಾವುದೋ ಹೆಸರಿತ್ತು. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ತಿಕ್ಕಿ ಈಗ 'ಪ್ಪ' ಮಾತ್ರ ಉಳಿದಿತ್ತು.

"ಯಾವ ಅಪ್ಪ ಅಜ್ಜಿ ಇದು?"

"ನನ್ನ ಲಗ್ನದಾಗ ಯಾರೋ ಮಾಡಿದ ಮುಯ್ಯಿ. ಉಜ್ಜಿನಪ್ಪನೋ, ಜಡಿಯಪ್ಪನೋ, ಯಾವ ಪ್ಪನೋ. ನೀರಂತೂ ತಂಪಿರ್ತಾವ."

ಪಂಪಾವತಿ ಅದನ್ನು ಕೇಳಿಸಿಕೊಳ್ಳಲಿಲ್ಲ. 'ತಿ' ಬರೆದು, ಡಬ್ಬಿಯನ್ನು ಮೊದಲಿನಂತೆ ಕಾಗದದಲ್ಲಿ ಸುತ್ತಿಟ್ಟಳು. ಮರುದಿನ ಅಪ್ಪ ಅದನ್ನು ಬಿಚ್ಚಿ ನೋಡದೆ ಶಾಲೆಗೆ ಕೊಟ್ಟು ಬಂದ.

ಶನಿವಾರ ಪಂಪಾವತಿ ಒಂದೂ ತಪ್ಪಿಲ್ಲದೆ ಪದ್ಯ ಹೇಳಿದಳು. ಕೈ ಬೀಸಿದಳು, ಕಣ್ಣು ಅರಳಿಸಿದಳು. ಆ ರಾಜನೇ ಎದ್ದು ಬಂದು ಹೇಳಿದಂತಿತ್ತು.

ಆಮೇಲೆ ಅವಳ ಕ್ಲಾಸಿನ ಶ್ರೀವಾಣಿ ಬಂದಳು. ಅವಳು ಕೈ ಬೀಸಲಿಲ್ಲ. ಅದೇ ಪದ್ಯವನ್ನು ಪಕ್ಕದಲ್ಲಿ ಕುಳಿತವರಿಗೆ ಕತೆ ಹೇಳುವಂತೆ ಹೇಳಿದಳು. ಮೇಕೆ ಬರುವ ಸಾಲಿಗೆ ಮುಂಚೆ ಒಂದು ಕ್ಷಣ ನಿಂತಳು. ಹಾಲ್‌ನಲ್ಲಿ ಎಲ್ಲರೂ 'ಏನು ಬರ್ತದೆ' ಎಂದು ಕಾದರು. ಮೇಕೆ ಬಂತು. ಒಂದನೇ ಕ್ಲಾಸಿನ ಮಕ್ಕಳೂ ಕಿಸಕ್ಕನೆ ನಕ್ಕರು.

ಪಂಪಾವತಿಗೂ ನಗು ಬಂತು. ಮರುಕ್ಷಣವೇ ಅವಳು ವೇದಿಕೆಯ ಕಡೆ ನೋಡಿದಳು. ಮೇಜಿನ ಮೇಲೆ ಕಾಗದ ಸುತ್ತಿದ ಡಬ್ಬಿ ಕುಳಿತಿತ್ತು.

"ಫಸ್ಟ್ ಪ್ರೈಜ್, ಶ್ರೀವಾಣಿ!" ಎಂದು ಯಮುನಾಬಾಯಿ ಮಿಸ್ ಕೂಗಿದರು.

ಶ್ರೀವಾಣಿ ಮೆಟ್ಟಿಲು ಹತ್ತುತ್ತಿದ್ದಳು. ಮುಖ್ಯ ಅತಿಥಿ ಕಾಗದ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು, ಮೈಕಿನಲ್ಲೇ ಓದಿದರು. "ಪ್ರಥಮ ಬಹುಮಾನ... ಪಂಪಾವತಿ."

ಶ್ರೀವಾಣಿ ಎರಡನೇ ಮೆಟ್ಟಿಲ ಮೇಲೆ ನಿಂತುಬಿಟ್ಟಳು. ಯಾರೋ ಚಪ್ಪಾಳೆ ತಟ್ಟಿ ಅರ್ಧಕ್ಕೇ ನಿಲ್ಲಿಸಿದರು. ಮಿಸ್ ಕೈಯಲ್ಲಿದ್ದ ಚೀಟಿಯನ್ನು ತಿರುಗಾಮುರುಗಾ ಮಾಡಿ ನೋಡಿದರು. "ನಾನೇ ತಪ್ಪು ಓದಿದ್ನೇನೋ..." ಎಂದು ಗೊಣಗಿದರು.

ಸುಮ್ಮನಿದ್ದರೆ ಡಬ್ಬಿ ತನಗೇ ಬರಬಹುದು. ಆದರೆ ಶ್ರೀವಾಣಿ ಒಂದು ಕಾಲು ಮೇಲೆ, ಒಂದು ಕಾಲು ಕೆಳಗೆ ಇಟ್ಟು ಹಾಗೇ ನಿಂತಿದ್ದಳು. ಪಂಪಾವತಿ ಎದ್ದಳು.

"ಚೀಟಿ ಸರಿ ಐತ್ರೀ ಮಿಸ್. ಆ ಹೆಸರು ನಾನೇ ಹಾಕ್ಕೊಂಡಿದ್ದು... ಗುರುವಾರನೇ."

ಹಾಲ್‌ನಲ್ಲಿ ಎಂಥ ನಗು! ಫ್ಯಾನುಗಳೂ ಅಲ್ಲಾಡಿದಂತಾಯಿತು.

ಶ್ರೀವಾಣಿ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. "ಹಂಗಾದ್ರ ನನ್ನ ಡಬ್ಬಿ ಎಲ್ಲಿ ಅದ?"

ಸಂಜೆ ಅಂಗಡಿಗೆ ವಾಪಸ್ ಬಂದ ಡಬ್ಬಿ ನೋಡಿ ಅಪ್ಪ ಹಣೆ ಚಚ್ಚಿಕೊಂಡ. "ಪೆನ್ಸಿಲ್ಲಾದ್ರ ರಬ್ಬರ್ ಐತಿ. ಈ ಚುಕ್ಕಿಗೆ ಏನು ಮಾಡ್ಲವ್ವಾ?" ಆದರೂ ಅಟ್ಟದಿಂದ ಅಂಥದೇ ಇನ್ನೊಂದು ಡಬ್ಬಿ ಇಳಿಸಿದ. 'ಪ್ರಥಮ ಬಹುಮಾನ' ಎಂದು ತಾನೇ ಬರೆದ. ಮಿಷಿನ್ನನ್ನು ಮಗಳ ಕೈಗೆ ಕೊಟ್ಟ. "ಹೆಸರು ನೀನೇ ಹಾಕು."

ಹೆಸರು ಹಾಕಿಸಿಕೊಳ್ಳಲು ಬಂದಿದ್ದ ಶ್ರೀವಾಣಿ ಪಕ್ಕದಲ್ಲೇ ಕುಳಿತಳು.

"ಲೇ ಪಂಪಿ, ಇನ್ನೂ ದೊಡ್ಡದಾಗಿ ಬರಿಯೇ. ದೂರದಿಂದ ಕಾಣಬೇಕು."

"'ಶ್ರೀ' ಒಂದೇ ಅರ್ಧ ಡಬ್ಬಿ ತಿಂದೈತಿ!"

"ಸುತ್ತ ಹೂವಿನ ಡಿಸೈನ್ ಹಾಕ್ತೀಯಾ? ಮಸ್ತ್ ಕಾಣ್ತದ."

ಪಂಪಾವತಿ ಅವಳ ಮುಖವನ್ನೇ ನೋಡಿದಳು. ಗುರುವಾರ ತಾನು ಹೇಗೆ ಕಂಡಿರಬಹುದೆಂದು ಅವಳಿಗೆ ಈಗ ಗೊತ್ತಾಯಿತು. ನಗು ತಡೆದುಕೊಂಡು ಎರಡು ಹೂವು ಹಾಕಿಕೊಟ್ಟಳು.

ಶ್ರೀವಾಣಿ ಹೋದ ಮೇಲೆ ತನ್ನ ಹೆಸರಿನ ಡಬ್ಬಿ ಹಿಡಿದು ಅಜ್ಜಿಯ ಮುಂದೆ ಕುಳಿತಳು.

"ದಿನಾ ತಿಕ್ಕಿದ್ರ ಎಷ್ಟು ದಿನಕ್ಕ ಹೋಗತೈತಿ ಅಜ್ಜಿ?"

ಅಜ್ಜಿ ತನ್ನ ತಂಬಿಗೆಯನ್ನೊಮ್ಮೆ ನೋಡಿದಳು. "ಒಂದು ಅರವತ್ತು ವರ್ಷ."

ಪಂಪಾವತಿ ಎದ್ದು, ಡಬ್ಬಿಗೆ ಒಂದಿಷ್ಟು ಹಾಲು ಹಾಕಿ ಹೊಸ್ತಿಲ ಬಳಿ ಇಟ್ಟಳು. ಅಂಗಡಿಯ ಕರಿ ಬೆಕ್ಕು ಬಂತು. ಚಪಚಪ ಕುಡಿಯಿತು. ಮೀಸೆ ಒರೆಸಿಕೊಂಡಿತು. ಆಮೇಲೆ ಮೈ ಬಾಗಿಸಿ ಡಬ್ಬಿಗೆ ಬೆನ್ನು ತಿಕ್ಕತೊಡಗಿತು, ಸರಿಯಾಗಿ 'ಪಂಪಾವತಿ' ಎಂದಿದ್ದ ಕಡೆ. ಖಾಲಿ ಡಬ್ಬಿ ಸರ್ರನೆ ಜಾರಿತು. ಬೆಕ್ಕು ಅದರ ಹಿಂದೆಯೇ ಹೋಯಿತು.

"ಕೆರಿತೈತೇನು?" ಎಂದಳು ಪಂಪಾವತಿ.

ಅವಳು ಕುಕ್ಕರಗಾಲಿನಲ್ಲಿ ಕುಳಿತು, ಒರಟು ಅಕ್ಷರಗಳು ಬೆಕ್ಕಿನ ಕಡೆ ಬರುವಂತೆ ಡಬ್ಬಿಯನ್ನು ತಿರುಗಿಸಿದಳು. ಜಾರದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡಳು.